ಅಕ್ಕನ ಅಂಗಳದ ಮಣ್ಣು

ಹೊಸ ಜಾತಿಯೊಂದು ಕೈಗೆ ಸಿಕ್ಕಾಗ ಮೊದಲು ಬರುವುದು ಸಂತೋಷವಲ್ಲ, ಸಂಶಯ. ಎಲ್ಲೋ ನಾನೇ ಎಡವಿದ್ದೇನೆ, ತಟ್ಟೆಯ ಮುಚ್ಚಳ ಸರಿಯಾಗಿ ಮುಚ್ಚಿಲ್ಲ, ಗಾಳಿಯಲ್ಲಿ ಹಾರಾಡುವ ಯಾವುದೋ ಪೋಕರಿ ಬೂಷ್ಟು ಒಳಗೆ ಬಿದ್ದಿದೆ ಎಂದೇ ಅನಿಸುವುದು. ನನ್ನ ವೃತ್ತಿಯ ಬಹುಪಾಲು ಈ ಸಂಶಯದಲ್ಲೇ ಕಳೆದಿದೆ. ಮಂಗಳೂರಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾ, ಉಳಿದ ಹೊತ್ತಿನಲ್ಲಿ ಮಣ್ಣಿನೊಳಗಿನ ಶಿಲೀಂಧ್ರಗಳನ್ನು ಬೆಳೆಸಿ, ಗುರುತಿಸಿ, ಈವರೆಗೆ ಯಾರ ಕಣ್ಣಿಗೂ ಬೀಳದ್ದು ಸಿಕ್ಕಿದರೆ ಅದರ ಚಹರೆ ಬರೆದು ಹೆಸರು ಕೊಡುವ ಕೆಲಸ ನನ್ನದು. ಶಿಲೀಂಧ್ರ ಎಂದ ಕೂಡಲೇ ಜನ ಅಣಬೆ ಎಂದುಕೊಂಡು, ತಿನ್ನಬಹುದೇ ಎಂದು ಕೇಳುತ್ತಾರೆ. ನನ್ನವು ಅಣಬೆಗಳಲ್ಲ. ಮಳೆಗಾಲದಲ್ಲಿ ಚರ್ಮದ ಚಪ್ಪಲಿಗೆ, ಮದುವೆಯ ಆಲ್ಬಮ್ಮಿಗೆ, ಕಪಾಟಿನ ಬಾಗಿಲಿಗೆ ಹಿಡಿಯುವ ಬೂಷ್ಟಿನ ದೂರದ ನೆಂಟರು ಅವು. ತಿನ್ನುವುದು ಅವುಗಳ ಕೆಲಸ, ನಮ್ಮದಲ್ಲ.

ಹೀಗಾಗಿ ನನ್ನ ಕೈಚೀಲದಲ್ಲಿ ಯಾವಾಗಲೂ ಒಂದು ಸ್ಟೀಲಿನ ಚಮಚ, ಸ್ಪಿರಿಟ್ಟಿನ ಪುಟ್ಟ ಬಾಟಲಿ, ಒಂದಿಷ್ಟು ಪ್ಲಾಸ್ಟಿಕ್ ಲಕೋಟೆಗಳು ಇರುತ್ತವೆ. ಮದುವೆಗೆ ಹೋದರೂ, ಗೃಹಪ್ರವೇಶಕ್ಕೆ ಹೋದರೂ, ಊಟ ಮುಗಿದ ಮೇಲೆ ಮನೆಯ ಹಿಂದೆ ಹೋಗಿ ಕುಕ್ಕುರುಗಾಲಿನಲ್ಲಿ ಕೂತು ಮಣ್ಣು ಕೆರೆಯುವವಳು ಎಂದು ನೆಂಟರಿಷ್ಟರಲ್ಲಿ ನನಗೊಂದು ಹೆಸರಿದೆ. ಮಾಟ ಮಾಡಿಸುತ್ತಾಳೋ ಏನೋ ಎಂದು ಒಬ್ಬ ಅತ್ತಿಗೆ ಅನುಮಾನಪಟ್ಟದ್ದೂ ಉಂಟು. ನಾನು ಅದನ್ನು ಅಲ್ಲಗಳೆಯಲು ಹೋಗಲಿಲ್ಲ. ಅವಳು ನನ್ನ ಹತ್ತಿರ ಕೈಗಡ ಕೇಳುವುದನ್ನು ಬಿಟ್ಟಳು.

ಈಗ ಹೇಳಹೊರಟಿರುವ ಮಣ್ಣು ಅಕ್ಕನ ಮನೆಯದು. ಮನೆ ಉಳ್ಳಾಲದಲ್ಲಿ. ಭಾವ ಬಹಳ ವರ್ಷ ಗಲ್ಫಿನಲ್ಲಿ ದುಡಿದು ಬಂದವರು. ಹಿನ್ನೀರಿನ ಪಕ್ಕದ ತಗ್ಗು ಗದ್ದೆಯೊಂದನ್ನು ಕೊಂಡು, ಟಿಪ್ಪರುಗಟ್ಟಲೆ ಕೆಂಪು ಮಣ್ಣು ತುಂಬಿಸಿ, ಅದರ ಮೇಲೆ ಮನೆ ಕಟ್ಟಿಸಿದರು. ಮನೆಯ ಮುಂದೆ ಅಗಲವಾದ ಅಂಗಳ. ಅಕ್ಕ ಅದರಲ್ಲಿ ಅಬ್ಬಲಿಗೆ ಹೂ ಬೆಳೆಸಿದಳು, ಬಸಳೆಗೆ ಚಪ್ಪರ ಹಾಕಿದಳು. ತಂದು ಹಾಕಿದ ಮಣ್ಣಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ನಾಚಿಕೆ ಮುಳ್ಳು, ಮುಟ್ಟಿದರೆ ಮುನಿ. ಅಕ್ಕ ಪ್ರತಿ ಬೆಳಿಗ್ಗೆ ಬರಿಗಾಲಲ್ಲಿ ಅದನ್ನು ಕಿತ್ತು ರಾಶಿ ಹಾಕುವಳು. ಅಂಗಳಕ್ಕೆ ಚಪ್ಪಲಿ ಹಾಕಿಕೊಂಡು ಇಳಿಯುವುದು ನಮ್ಮ ಮನೆಗಳಲ್ಲಿ ಇಲ್ಲ. ಅಂಗಳವೆಂದರೆ ಮನೆಯ ಒಳಗೇ.

ನಮ್ಮ ಮನೆಮಾತು ತುಳು. ಅಕ್ಕ, ಭಾವ ಇಲ್ಲಿ ಕನ್ನಡ ಮಾತಾಡುತ್ತಿರುವುದು ಓದುವವರ ಅನುಕೂಲಕ್ಕೆ.

ಮಳೆ ಹಿಂದೆ ಸರಿದಿದ್ದ ಒಂದು ಆದಿತ್ಯವಾರ ಊಟಕ್ಕೆ ಹೋದವಳು ಎಂದಿನಂತೆ ಚಮಚ ಹಿಡಿದು ಬಸಳೆ ಚಪ್ಪರದ ಬುಡದಲ್ಲಿ ಕೂತೆ. ಅಕ್ಕ ಜಗಲಿಯಲ್ಲಿ ನಿಂತು ನಗುತ್ತಿದ್ದಳು.

"ಬೇರೆಯವರ ತಂಗಿಯಂದಿರು ಹೋಗುವಾಗ ಬಸಳೆ ಕೊಯ್ದುಕೊಂಡು ಹೋಗ್ತಾರೆ. ನೀನು ಅದರ ಬುಡದ ಮಣ್ಣು. ಎಂತ ಮಾರಾಯ್ತಿ, ನಿನ್ನ ಕಾಲೇಜಿನಲ್ಲಿ ಮಣ್ಣು ಇಲ್ವಾ?"

"ಅಲ್ಲಿದ್ದದ್ದೆಲ್ಲ ನೋಡಿ ಆಯ್ತು."

"ಇದರಲ್ಲಿ ಹೊಸತು ಎಂತಾದ್ರೂ ಸಿಕ್ಕಿದ್ರೆ ನನ್ನ ಹೆಸರು ಇಡು. ನನ್ನ ಹೆಸರಲ್ಲಿ ಒಂದು ಗ್ಯಾಸಿನ ಕನೆಕ್ಷನ್ ಬಿಟ್ಟರೆ ಬೇರೆ ಎಂತದ್ದೂ ಇಲ್ಲ."

ಇಡುತ್ತೇನೆ ಎಂದೆ. ನಿಜವಾಗಿಯೂ ಇಡುವ ಮನಸ್ಸಿತ್ತು. ತಾಯಿ ಹೋದ ಮೇಲೆ ನನ್ನನ್ನು ಓದಿಸಿದವಳು ಅವಳು. ತನ್ನ ಓದು ನಿಲ್ಲಿಸಿ ಬೀಡಿ ಕಟ್ಟಿ ನನಗೆ ಪುಸ್ತಕ ತಂದುಕೊಟ್ಟವಳು. ನಮ್ಮ ಕೆಲಸದಲ್ಲಿ ನಾವು ಯಾರಿಗಾದರೂ ಕೊಡಬಹುದಾದ ಉಡುಗೊರೆ ಇದೊಂದೇ. ಹೆಸರು ಒಮ್ಮೆ ಅಚ್ಚಾದರೆ ಮತ್ತೆ ಯಾರೂ ಬದಲಿಸುವಂತಿಲ್ಲ, ಕೊಟ್ಟವರೂ ಹಿಂದೆ ತೆಗೆದುಕೊಳ್ಳುವಂತಿಲ್ಲ.

ಅವತ್ತು ಅಕ್ಕನ ಬಲಗಾಲಿನ ಮೇಲೆ, ಕಿರುಬೆರಳಿನ ಬುಡದ ಹತ್ತಿರ, ಉಗುರಿನಗಲದ ಒಂದು ಒರಟು ಗಂಟನ್ನು ನೋಡಿದೆ. ಏನದು ಎಂದು ಕೇಳಿದಾಗ, ಮುಳ್ಳು ಚುಚ್ಚಿದ ಜಾಗ, ಆಣಿ ಆಗಿರಬೇಕು, ನೋವೇನಿಲ್ಲ ಎಂದಳು. ನೋವಿಲ್ಲ ಎಂದ ಮೇಲೆ ನಾನೂ ಸುಮ್ಮನಾದೆ.

ಮಣ್ಣನ್ನು ಪ್ರಯೋಗಾಲಯಕ್ಕೆ ತಂದು ನನ್ನ ಪದ್ಧತಿಯಂತೆ ಉಪ್ಪುನೀರಿನಲ್ಲಿ ಕದಡಿ, ಮೇಲೆ ಎಣ್ಣೆ ಹೊಯ್ದು, ಚೆನ್ನಾಗಿ ಅಲುಗಿಸಿ ಇಟ್ಟೆ. ಮಣ್ಣಿನಲ್ಲಿರುವ ಕಪ್ಪು ಜಾತಿಗಳಿಗೆ ನೀರೆಂದರೆ ಆಗದು, ಎಣ್ಣೆಯೆಂದರೆ ಪ್ರಾಣ. ಮೀನಿನ ಗಸಿಯ ಮೇಲೆ ಮೆಣಸಿನ ಕೆಂಪು ತೇಲಿ ಬರುವ ಹಾಗೆ ಅವು ಮೇಲೆ ಬಂದು ಎಣ್ಣೆಯ ಅಡಿಯಲ್ಲಿ ಸೇರಿಕೊಳ್ಳುತ್ತವೆ. ಆ ಪದರವನ್ನಷ್ಟೇ ಹೀರಿ ತಟ್ಟೆಗೆ ಬಿಟ್ಟರೆ, ಅವಸರದ ಬಿಳಿ ಹಸಿರು ಬೂಷ್ಟುಗಳ ಗದ್ದಲವಿಲ್ಲದೆ ಕಪ್ಪಿನವು ತಮ್ಮ ಪಾಡಿಗೆ ಬೆಳೆಯುತ್ತವೆ. ಬಹಳ ನಿಧಾನ. ನಾನೂ ನಿಧಾನದವಳೇ, ಆದರೆ ಅವುಗಳ ಮುಂದೆ ನಾನು ಎಕ್ಸ್‌ಪ್ರೆಸ್ ಬಸ್ಸು.

ವಾರಗಳು ಕಳೆದ ಮೇಲೆ ಒಂದು ತಟ್ಟೆಯಲ್ಲಿ ಕಾವಲಿಯ ಮಸಿಯ ಬಣ್ಣದ, ಮುಟ್ಟಿದರೆ ಮಖಮಲ್ಲಿನಂತಿರುವ ಒಂದು ದುಂಡು ಕಲೆ ಎದ್ದಿತು. ಸೂಕ್ಷ್ಮದರ್ಶಕದಡಿಯಲ್ಲಿ ಅದರ ಕವಲುಗಳು, ಕವಲಿನ ತುದಿಯಲ್ಲಿ ಸರವಾಗಿ ಕೂತ ಕಣಗಳು ಕಂಡವು. ಆ ಕಣಗಳ ಜೋಡಣೆ ನನಗೆ ಗೊತ್ತಿದ್ದ ಯಾವ ಜಾತಿಗೂ ಕೂಡಿ ಬರಲಿಲ್ಲ. ಸಂಶಯ ಶುರುವಾಯಿತು. ಮತ್ತೆ ಬೆಳೆಸಿದೆ, ಮತ್ತೆ ಅದೇ. ಅದರ ಡಿಎನ್‌ಎ ಓದಿಸಲು ಬೆಂಗಳೂರಿಗೆ ಕಳಿಸಿದೆ. ಬಂದ ಉತ್ತರವನ್ನು ಜಗತ್ತಿನ ಬೇರೆಲ್ಲ ಜಾತಿಗಳ ಜೊತೆ ಹೋಲಿಸಿದಾಗ ನನ್ನದು ಒಂದು ಬೇರೆಯೇ ಕೊಂಬೆಯ ಮೇಲೆ ಒಂಟಿಯಾಗಿ ಕೂತಿತ್ತು. ಅಂದು ಕಾಲೇಜಿನ ಕ್ಯಾಂಟೀನಿಗೆ ಹೋಗಿ ಗೋಳಿಬಜೆ ತಿಂದೆ. ನನ್ನ ಉತ್ಸವ ಅಷ್ಟೇ.

ಚಹರೆ ಬರೆಯಲು ಕೂತರೆ ಕೆಲಸ ಬಹಳ. ಕಣದ ಉದ್ದಗಲ ಅಳೆಯಬೇಕು, ಬಣ್ಣ ಹೇಳಬೇಕು, ಚಿತ್ರ ಬರೆಯಬೇಕು. ಸಾಕ್ಷಿಗಾಗಿ ಒಂದು ತಟ್ಟೆಯನ್ನು ಒಣಗಿಸಿ, ಕೊಂದು, ದೊಡ್ಡ ಸಂಗ್ರಹಾಲಯವೊಂದಕ್ಕೆ ಕಳಿಸಬೇಕು. ಬದುಕಿರುವುದನ್ನು ಸಾಕ್ಷಿಯಾಗಿ ಒಪ್ಪುವುದಿಲ್ಲ, ಬದುಕಿರುವುದು ಬದಲಾಗುತ್ತದೆ. ಆಮೇಲೆ ಬಿಸಿಯ ಪರೀಕ್ಷೆ. ಯಾವ ಬಿಸಿಯಲ್ಲಿ ಬೆಳೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ತಿಳಿಯಲು ಬೇರೆ ಬೇರೆ ಬಿಸಿಯ ಪೆಟ್ಟಿಗೆಗಳಲ್ಲಿ ಇಡುವುದು. ಮಣ್ಣಿನ ಬಹುತೇಕ ಜಾತಿಗಳು ಮನುಷ್ಯನ ಮೈಬಿಸಿಯಷ್ಟಕ್ಕೆ ಬಂದಾಗ ಸೊರಗಿ ನಿಂತುಬಿಡುತ್ತವೆ. ನಾವು ಇಷ್ಟು ಕಾಲ ಮಣ್ಣಿನ ಮೇಲೆ ನೆಮ್ಮದಿಯಾಗಿ ಓಡಾಡಿಕೊಂಡಿರುವುದಕ್ಕೆ ಅದೂ ಒಂದು ಕಾರಣ. ಮೈಬಿಸಿಯ ಪೆಟ್ಟಿಗೆಯಲ್ಲಿಟ್ಟ ತಟ್ಟೆಯನ್ನು ತೆಗೆದು ನೋಡಿದಾಗ ಕಲೆ ಬೇರೆಲ್ಲ ತಟ್ಟೆಗಳಿಗಿಂತ ದೊಡ್ಡದಿತ್ತು. ಅಂಚು ತಾಜಾ ಇತ್ತು, ಇನ್ನೂ ಬೆಳೆಯುವ ಹುಮ್ಮಸ್ಸಿನಲ್ಲಿತ್ತು. ನನಗೆ ಹಿತವೆನಿಸಲಿಲ್ಲ. ತಗ್ಗು ಗದ್ದೆಯ ಮೇಲೆ ಹರಡಿದ ಮಣ್ಣಿನಲ್ಲಿ ಬದುಕುವುದಕ್ಕೆ ಆ ಬಿಸಿಯ ಅಗತ್ಯವಾದರೂ ಏನು?

ಅದೇ ವಾರ ಅಕ್ಕ ಫೋನ್ ಮಾಡಿದಳು. ಊರ ಡಾಕ್ಟರು ಆಣಿಯನ್ನು ಕೆತ್ತಿ ತೆಗೆದಿದ್ದರಂತೆ. ಒಂದು ತೆಗೆದ ಜಾಗದಲ್ಲಿ ಈಗ ಮೂರು ಎದ್ದಿವೆ, ಮೇಲೆ ಕಪ್ಪು ಚುಕ್ಕಿ ಇದೆ, ತುರಿಸುತ್ತದೆ ಎಂದಳು.

"ಕಪ್ಪು ಚುಕ್ಕಿಯಾ?" ಎಂದೆ.

"ಹೌದು, ಮೆಣಸಿನಪುಡಿ ಉದುರಿಸಿದ ಹಾಗೆ. ನೀನು ಎಂತಕ್ಕೆ ಹಾಗೆ ಕೇಳ್ತಿ?"

ಆ ಚುಕ್ಕಿಗಳನ್ನು ನಾನು ಪುಸ್ತಕದಲ್ಲಿ ನೋಡಿದ್ದೆ, ಪಾಠವನ್ನೂ ಮಾಡಿದ್ದೆ. ಮುಳ್ಳಿನ ಜೊತೆ ಚರ್ಮದೊಳಗೆ ಹೋಗಿ, ವರ್ಷಗಟ್ಟಲೆ ಸದ್ದಿಲ್ಲದೆ ಕೂತು, ನಿಧಾನವಾಗಿ ಗಂಟುಗಂಟಾಗಿ ಹಬ್ಬುವ ಕಪ್ಪು ಶಿಲೀಂಧ್ರಗಳ ರೋಗ ಅದು. ಪರೀಕ್ಷೆಗೆ ಐದು ಅಂಕದ ಪ್ರಶ್ನೆ. ಅದು ನನ್ನ ಅಕ್ಕನ ಕಾಲಿಗೆ ಬರಬಹುದು ಎಂದು ಯಾವತ್ತೂ ಯೋಚಿಸಿರಲಿಲ್ಲ.

ಮರುದಿನವೇ ಅವಳನ್ನು ಹಂಪನಕಟ್ಟೆಯ ಒಬ್ಬ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ತಾಳ್ಮೆಯ ಮನುಷ್ಯ. ನಾನು ಏನು ಕೆಲಸ ಮಾಡುವವಳೆಂದು ಕೇಳಿ, ಗಂಟಿನ ಮೇಲಿಂದ ಕೆರೆದ ಪುಡಿಯನ್ನು ಗಾಜಿನ ಮೇಲೆ ಹಚ್ಚಿ, ನೀವೇ ನೋಡಿ ಎಂದು ಸೂಕ್ಷ್ಮದರ್ಶಕವನ್ನು ನನ್ನ ಕಡೆ ಸರಿಸಿದರು. ಕಂದು ಬಣ್ಣದ ದುಂಡು ಕೋಶಗಳು, ನಡುವೆ ಗೆರೆ ಹೊಡೆದು ಸೀಳಿಕೊಂಡವು, ಹುರುಳಿ ಕಾಳು ಬೇಳೆಯಾಗುವ ಹಾಗೆ. ನಾನು ತಲೆ ಎತ್ತಲಿಲ್ಲ. ಹಿಂದೆ ಕೂತ ಅಕ್ಕ, "ಎಂತ ಉಂಟು?" ಎಂದು ಕೇಳಿದಳು. "ಉಂಟು" ಎಂದು ಡಾಕ್ಟರೇ ಹೇಳಿದರು.

ಅವರು ಏನನ್ನೂ ಮುಚ್ಚಿಡಲಿಲ್ಲ. ಮದ್ದು ತಿಂಗಳುಗಟ್ಟಲೆ ತಿನ್ನಬೇಕು, ನಡುನಡುವೆ ಲಿವರಿನ ಪರೀಕ್ಷೆ ಮಾಡಿಸಬೇಕು, ಗಂಟುಗಳನ್ನು ದ್ರವ ಸಾರಜನಕದ ಥಂಡಿ ಹಾಕಿ ಸುಡಬೇಕು. ಬಿಟ್ಟರೆ ಇಡೀ ಪಾದಕ್ಕೆ ಹಬ್ಬುತ್ತದೆ, ಕಾಲು ಊದುತ್ತದೆ, ಬಹಳ ಹಳತಾದರೆ ಹುಣ್ಣು ಕ್ಯಾನ್ಸರಿಗೂ ತಿರುಗಬಹುದು. ವಾಸಿಯಾದ ಮೇಲೂ ಮತ್ತೆ ಬರುವ ಕುಳ ಅದು. "ಕಾಲು ಉಳಿಸುವಾ ಅಮ್ಮ, ಆದರೆ ನೀವು ಮಣ್ಣಿಗೆ ಬರಿಗಾಲು ಇಡಬಾರದು" ಎಂದರು. ಅಕ್ಕ ತಲೆ ಆಡಿಸಿದಳು. ಬಸ್ಸಿನಲ್ಲಿ ಬರುವಾಗ, ಕಾಲು ಉಳಿಸುವಾ ಅಂದ್ರೆ ಉಳಿಯದೆಯೂ ಇರಬಹುದು ಅಂತಲ್ವಾ ಎಂದು ಒಮ್ಮೆ ಮಾತ್ರ ಕೇಳಿದಳು. ನೇತ್ರಾವತಿಯ ಸೇತುವೆ ದಾಟುವಾಗ ನಾನು ಮದ್ದಿನ ಚೀಟಿ ತೆಗೆದು, ಯಾವ ಮಾತ್ರೆ ಯಾವ ಹೊತ್ತಿಗೆ ಎಂದು ಅವಳಿಗೆ ಓದಿ ಹೇಳಿದೆ.

ಅವಳ ಕಾಲಿನಿಂದ ಕತ್ತರಿಸಿದ ಒಂದು ಚೂರನ್ನು ಡಾಕ್ಟರು ನನಗೂ ಕೊಟ್ಟಿದ್ದರು. ಅದನ್ನು ತಟ್ಟೆಯಲ್ಲಿಟ್ಟೆ. ಮತ್ತೆ ಅದೇ ಕಾಯುವಿಕೆ. ಬೇರೆ ಯಾವುದಾದರೂ ಬರಲಿ, ಪುಸ್ತಕದಲ್ಲಿರುವ ಹಳೆಯ ಜಾತಿ ಯಾವುದಾದರೂ ಬರಲಿ ಎಂದು ಆಸೆಪಟ್ಟೆ. ನಾನು ದೇವರಿಗೆ ಕೈ ಮುಗಿಯುವುದು ಕಡಿಮೆ. ಆ ದಿನಗಳಲ್ಲಿ ಪೆಟ್ಟಿಗೆಯ ಬಾಗಿಲು ತೆರೆಯುವ ಮೊದಲು ತುಟಿ ಅಲ್ಲಾಡುತ್ತಿತ್ತು. ಬಂದದ್ದು ಕಾವಲಿಯ ಮಸಿ. ಕವಲು ಅದೇ, ಕಣಗಳ ಸರ ಅದೇ. ಯಾವ ಚಹರೆಯನ್ನು ನಾನು ಅಕ್ಷರ ಅಕ್ಷರ ತಿದ್ದಿ ಬರೆದು ಮುಗಿಸಿದ್ದೆನೋ, ಅದು ನನ್ನ ಅಕ್ಕನ ಮಾಂಸದಿಂದ ಎದ್ದು ಬಂದು ನನ್ನೆದುರು ಕೂತಿತ್ತು. ಡಿಎನ್‌ಎ ಕೂಡಾ ಹೌದೆಂದಿತು.

ಬರಹದಲ್ಲಿ ನನ್ನ ಜೊತೆಗಿದ್ದ ಪರವೂರಿನ ವಿಜ್ಞಾನಿಗೆ ವಿಷಯ ತಿಳಿಸಿದೆ. ಆತ ಫೋನಿನಲ್ಲಿ ಅಭಿನಂದನೆ ಹೇಳಿದ. ಮಣ್ಣಿನಿಂದಲೂ ರೋಗಿಯಿಂದಲೂ ಒಟ್ಟಿಗೆ ಸಿಗುವುದು ಅಪರೂಪ, ನಿಮ್ಮ ಅದೃಷ್ಟ ದೊಡ್ಡದು, ಇನ್ನು ಒಳ್ಳೆಯ ಪತ್ರಿಕೆಯಲ್ಲೇ ಅಚ್ಚಾಗುತ್ತದೆ ಎಂದ. ರೋಗಿ ನನ್ನ ಅಕ್ಕ ಎಂದೆ. ಹಾಗಾದರೆ ಅಚ್ಚು ಹಾಕಲು ರೋಗಿಯ ಒಪ್ಪಿಗೆ ಪಡೆಯುವುದು ಸುಲಭವಾಯಿತು ಎಂದ. ಫೋನು ಇಟ್ಟು ಬಹಳ ಹೊತ್ತು ಕೈ ತೊಳೆದೆ. ನಾಚಿಕೆಯ ವಿಷಯವೆಂದರೆ ಅವನು ಹೇಳಿದ್ದು ಸರಿಯೆಂದು ನನ್ನೊಳಗಿನ ಒಬ್ಬಳಿಗೆ ಗೊತ್ತಿತ್ತು, ಅವಳು ಒಳಗೊಳಗೇ ಹಿಗ್ಗುತ್ತಿದ್ದಳು.

ಹೆಸರಿನ ವಿಷಯ ಉಳಿದಿತ್ತು. ಅಕ್ಕನ ಹೆಸರು ಇಟ್ಟರೆ ಆ ಹೆಸರು ಮುಂದೆ ಊದಿದ ಕಾಲುಗಳ ಚಿತ್ರದ ಕೆಳಗೆ ಅಚ್ಚಾಗುತ್ತದೆ, ಎಂದೆಂದಿಗೂ. ಕೆಂಪು ಮಣ್ಣು ಎಂಬರ್ಥದ ಲ್ಯಾಟಿನ್ ಪದವೊಂದನ್ನು ಹುಡುಕಿ ಇಟ್ಟೆ. ಅಕ್ಕನಿಗೆ ಹೇಳಿದಾಗ ಅವಳು ಕಾಲಿನ ಬಟ್ಟೆ ಸರಿಮಾಡಿಕೊಳ್ಳುತ್ತಾ, "ಒಳ್ಳೆದಾಯ್ತು. ನನ್ನನ್ನು ತಿನ್ನುವುದಕ್ಕೆ ನನ್ನ ಹೆಸರು ಬೇರೆ ಯಾಕೆ?" ಎಂದಳು. ನಕ್ಕಳು, ಆದರೆ ಕಣ್ಣು ನಗಲಿಲ್ಲ.

ಚಹರೆಯ ಜೊತೆ, ಮಣ್ಣು ಎಲ್ಲಿಯದು ಎಂದೂ ಬರೆಯಬೇಕು. ಉಳ್ಳಾಲ ಎಂದು ಮೊದಲೇ ಬರೆದಿದ್ದೆ. ಅದು ಸುಳ್ಳು ಎಂದು ಹೊಳೆದದ್ದು ಆಗ. ಆ ಮಣ್ಣು ಉಳ್ಳಾಲದ್ದೇ ಅಲ್ಲವಲ್ಲ, ಟಿಪ್ಪರಿನಲ್ಲಿ ಬಂದದ್ದು. ಭಾವನನ್ನು ಕೇಳಿದಾಗ, ಪಂಪ್‌ವೆಲ್ ದಾಟಿ ಹೆದ್ದಾರಿಯ ಬದಿಯಲ್ಲಿ ಒಂದು ಗುಡ್ಡ ಕಡಿಯುತ್ತಿದ್ದರು, ಅಲ್ಲಿಂದ ಬಂತು ಎಂದರು. ಹುಡುಕಿಕೊಂಡು ಹೋದೆ. ಗುಡ್ಡ ಇರಲಿಲ್ಲ. ಗುಡ್ಡವಿದ್ದ ಜಾಗದಲ್ಲಿ ಒಂದು ವಸತಿ ಸಮುಚ್ಚಯ, ಎತ್ತರದ ಕಾಂಕ್ರೀಟ್ ತಡೆಗೋಡೆ, ಗೇಟಿನಲ್ಲಿ ಒಬ್ಬ ವಾಚ್‌ಮನ್. ಇಲ್ಲಿನ ಮಣ್ಣು ಎಲ್ಲೆಲ್ಲಿಗೆ ಹೋಯಿತು ಎಂದು ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಲ್ಲ ಕಡೆಗೆ ಹೋಯ್ತು ಮೇಡಂ, ಯಾರಿಗೆಲ್ಲ ಬೇಕೋ ಅಲ್ಲಿಗೆ" ಎಂದ. ಈ ಊರಿನಲ್ಲಿ ಗುಡ್ಡ ಕಡಿದು ತಗ್ಗು ತುಂಬಿಸುವುದು ನಿತ್ಯದ ಕೆಲಸ. ದಾರಿಯುದ್ದಕ್ಕೂ ಟಿಪ್ಪರುಗಳು ಎದುರಾದವು, ಕೆಂಪು ಮಣ್ಣು ಉದುರಿಸುತ್ತಾ. ಅವತ್ತಿನವರೆಗೆ ಅವುಗಳ ಧೂಳಿಗೆ ಬೈದಿದ್ದೆನೇ ಹೊರತು ಹೆದರಿರಲಿಲ್ಲ.

ಗುಡ್ಡವನ್ನಂತೂ ನಾನು ವಾಪಸು ತರುವಂತಿರಲಿಲ್ಲ. ಅಕ್ಕನ ಅಂಗಳ ಒಂದು ನನ್ನ ಕೈಯಲ್ಲಿತ್ತು. ಭಾವನನ್ನು ಕೂರಿಸಿ ವಿವರವಾಗಿ ಹೇಳಿದೆ: ಅಕ್ಕನ ಕಾಲಲ್ಲಿರುವುದು ಈ ಮಣ್ಣಿನಿಂದಲೇ ಬಂದದ್ದು, ಮದ್ದು ಒಂದು ಕಡೆ ನಡೆಯುತ್ತಿರುವಾಗ ಅವಳು ಇನ್ನೊಂದು ಕಡೆ ಅದನ್ನೇ ತುಳಿಯುತ್ತಿದ್ದರೆ ಪ್ರಯೋಜನವಿಲ್ಲ, ಮಣ್ಣನ್ನು ಕದಡದೆ ಮೇಲೆ ದಪ್ಪಕ್ಕೆ ಕಾಂಕ್ರೀಟ್ ಹಾಕಿಸಿ ಎಂದೆ. ಭಾವ ಕೈ ಕಟ್ಟಿ ಕೇಳಿದರು. ಒಳ್ಳೆಯ ಮನುಷ್ಯ. ಅಕ್ಕನನ್ನು ಲಿವರ್ ಪರೀಕ್ಷೆಗೆ ಕರೆದುಕೊಂಡು ಹೋಗುವುದು, ಮದ್ದು ತಪ್ಪದೆ ತಿನ್ನಿಸುವುದು, ಅಂಗಳದಿಂದ ಅಬ್ಬಲಿಗೆ ಕೊಯ್ದು ತಂದು ಅವಳ ಮಡಿಲಿಗೆ ಹಾಕುವುದು ಎಲ್ಲ ಅವರೇ. "ನಾನು ನೋಡಿಕೊಳ್ತೇನೆ, ನೀನು ತಲೆಬಿಸಿ ಮಾಡ್ಬೇಡ" ಎಂದರು. ಅವರು ನೋಡಿಕೊಳ್ಳುತ್ತೇನೆಂದು ಹೇಳಿದರೆ ನೋಡಿಕೊಂಡೇ ತೀರುವವರು.

ಮುಂದಿನ ಸಲ ಹೋದಾಗ ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಸಿ ಆಗಿತ್ತು. ಬಸಳೆ ಚಪ್ಪರ ಇರಲಿಲ್ಲ, ಅಬ್ಬಲಿಗೆ ಕುಂಡಕ್ಕೆ ಏರಿತ್ತು. ಅಕ್ಕ ಕ್ಯಾನ್‌ವಾಸ್ ಶೂ ಹಾಕಿಕೊಂಡು ಓಡಾಡುತ್ತಿದ್ದಳು, ಸ್ಕೂಲಿಗೆ ಹೊರಟ ಹಾಗೆ. ಗಂಟುಗಳು ಕುಗ್ಗಿದ್ದವು. ಡಾಕ್ಟರೂ ಖುಷಿಯಲ್ಲಿದ್ದರು. ಮಳೆಗಾಲವೊಂದು ಹೀಗೆಯೇ ನೆಮ್ಮದಿಯಲ್ಲಿ ಹೋಯಿತು. ನನ್ನ ಬರಹ ಅಚ್ಚಾಯಿತು. ಕಾಂಕ್ರೀಟ್ ಎಂದರೆ ಇಂಟರ್‌ಲಾಕ್ ಯಾಕೆ ಹಾಕಿಸಿದರು, ಅದನ್ನು ಜಗಲಿಯ ಮಟ್ಟಕ್ಕೆ ಕೂರಿಸಬೇಕಾದರೆ ಅಡಿಯ ಮಣ್ಣನ್ನು ಎಷ್ಟು ಕೆರೆದು ತೆಗೆಯಬೇಕಾಗುತ್ತದೆ ಎಂಬುದು ನನ್ನ ತಲೆಗೆ ಬರಲಿಲ್ಲ. ಕಟ್ಟಡದ ಕೆಲಸ ನನಗೇನು ಗೊತ್ತು.

ಅವರ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿ ಒಂದು ಭಜನಾ ಮಂದಿರ ಉಂಟು. ಭಾವ ಅದರ ಸಮಿತಿಯಲ್ಲಿದ್ದಾರೆ. ವಾರ್ಷಿಕ ಭಜನೆಯ ಮಂಗಳದ, ಅಂದರೆ ಮುಕ್ತಾಯದ, ದಿನ ನೀನು ಬರಲೇಬೇಕು ಎಂದು ಅಕ್ಕ ಹಟ ಹಿಡಿದಳು. ಸಂಜೆ ಹೋದೆ. ಮಂದಿರದ ಅಂಗಳ ಮೊದಲು ತಗ್ಗಾಗಿತ್ತು, ಮಳೆಗೆ ನೀರು ನಿಲ್ಲುತ್ತಿತ್ತು. ಈಗ ಎತ್ತರವಾಗಿ, ಸಮತಟ್ಟಾಗಿ, ಮಧ್ಯದಲ್ಲಿ ದೊಡ್ಡ ದೀಪಸ್ತಂಭ ಇಟ್ಟು ಸುತ್ತ ರಂಗೋಲಿ ಹಾಕಿದ್ದರು. ಮಕ್ಕಳ ಕುಣಿತ ಭಜನೆಯ ತಂಡ ತಾಳ ಹಿಡಿದು, ಹೆಗಲಿಗೆ ಶಾಲು ಹಾಕಿ ಸಾಲಾಗಿ ನಿಂತಿತ್ತು. ಅಂಗಳಕ್ಕೆ ಇಳಿಯುವ ಮೆಟ್ಟಿಲಿನ ಮೇಲೆ ನಾನು, ಅಕ್ಕ, ಭಾವ.

"ಅಂಗಳ ಚಂದ ಆಯ್ತಲ್ಲ ಭಾವ" ಎಂದೆ.

ಭಾವನ ಮುಖ ಅರಳಿತು. "ಆಗದೆ ಉಂಟಾ? ನಮ್ಮದೇ ಮಣ್ಣು."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ನಮ್ಮದು ಅಂದ್ರೆ?"

"ನಮ್ಮ ಮನೆ ಅಂಗಳದ್ದು. ಇಂಟರ್‌ಲಾಕಿಗೆ ಜೆಸಿಬಿ ತಂದು ಕೆರೆಸಿದೆವಲ್ಲ, ಅದಷ್ಟನ್ನೂ ಇಲ್ಲಿಗೆ ಹಾಕಿಸಿದ್ದು."

"ಭಾವ, ಅದರ ಒಳಗೆ ಎಂತ ಉಂಟು ಅಂತ ನಾನು ಕೂರಿಸಿ ಹೇಳ್ಲಿಲ್ವಾ ನಿಮಗೆ?" ನನ್ನ ಸ್ವರ ಏರಿತು. ಅಕ್ಕಪಕ್ಕದವರು ತಿರುಗಿ ನೋಡಿದರು.

"ಹೇಳಿದ್ದಿ. ಅದಕ್ಕೇ ಬೇರೆ ಯಾರಿಗೂ ಕೊಡ್ಲಿಲ್ಲ. ಮೂರು ಜನ ಬಂದು ಕೇಳಿದರು, ಮಣ್ಣು ಕೊಡ್ತೀರಾ ಅಂತ. ಮನುಷ್ಯರ ಜಾಗಕ್ಕೆ ಕೊಡುವುದಿಲ್ಲ ಅಂದೆ. ಇವಳ ಕಾಲಿನ ಲೆಕ್ಕದಲ್ಲಿ ಅಂಗಳ ಎತ್ತರಿಸಿ ಕೊಡ್ತೇವೆ ಅಂತ ಹರಕೆ ಇತ್ತು. ತೊಂದರೆ ಯಾವುದರಿಂದ ಬಂತೋ ಅದನ್ನೇ ತಂದು ದೇವರಿಗೆ ಒಪ್ಪಿಸಿದೆವು. ಇನ್ನು ಅದುಂಟು, ದೇವರುಂಟು. ಇವಳಿಗೆ ಗುಣ ಆಗ್ತಾ ಉಂಟಲ್ಲ, ನೋಡು."

ಅವರ ಕಣ್ಣಲ್ಲಿ ನೀರಿತ್ತು. ಅವರು ನನ್ನ ಮಾತನ್ನು ತಳ್ಳಿಹಾಕಿದ್ದರೆ ಜಗಳವಾಡಬಹುದಿತ್ತು. ಅವರು ನಂಬಿದ್ದರು. ನಂಬಿದ್ದರಿಂದಲೇ ಮನುಷ್ಯರ ಜಾಗಕ್ಕೆ ಕೊಡದೆ, ಊರಿನಲ್ಲಿ ಯಾರೂ ಚಪ್ಪಲಿ ಹಾಕದ ಒಂದೇ ಜಾಗಕ್ಕೆ ತಂದು ಸುರಿಸಿದ್ದರು.

ಸಮಿತಿಯ ಅಧ್ಯಕ್ಷರು ಅಲ್ಲೇ ಇದ್ದರು. ಅವರನ್ನು ಪಕ್ಕಕ್ಕೆ ಕರೆದು, ಮಕ್ಕಳನ್ನು ಈ ಮಣ್ಣಿನ ಮೇಲೆ ಕುಣಿಸಬೇಡಿ, ಒಳಗೆ ಚಾವಡಿಯಲ್ಲಿ ಮಾಡಿಸಿ, ನಾನು ಕಾರಣ ಬರೆದು ಕೊಡುತ್ತೇನೆ ಎಂದು ಬೇಡಿಕೊಂಡೆ. ಅವರು ಸಮಾಧಾನದಿಂದ ಕೇಳಿದರು.

"ಇವತ್ತು ಮಂಗಳ ಒಂದು ಆಗ್ಲಿ ಮೇಡಂ. ನಾಳೆ ಕೂತು ಮಾತಾಡುವಾ" ಎಂದರು. ಆಮೇಲೆ ಬಹಳ ಮರ್ಯಾದೆಯಿಂದ ಸೇರಿಸಿದರು: "ನೀವು ಆ ಚಪ್ಪಲಿ ಮಾತ್ರ ಆಚೆ ಬಿಡಬೇಕು."

ನಿಜ ಹೇಳಬೇಕೆಂದರೆ, ಅವತ್ತು ಅಲ್ಲಿ ಕುಣಿದ ಯಾರಿಗೂ ಏನೂ ಆಗದೆಯೇ ಹೋಗಬಹುದು. ಸುಮ್ಮನೆ ತುಳಿದರೆ ಅದು ಬರುವುದಿಲ್ಲ. ಮುಳ್ಳೋ ಕಲ್ಲೋ ಚುಚ್ಚಿ ದಾರಿ ಮಾಡಿಕೊಡಬೇಕು. ದಾರಿ ಸಿಕ್ಕಿದರೂ ಎಲ್ಲರ ಮೈಯೂ ಅದಕ್ಕೆ ಜಾಗ ಕೊಡುವುದಿಲ್ಲ. ಆದರೆ ಯಾರಿಗಾದರೂ ಬಂದರೆ, ಅದು ಕಾಣಿಸಿಕೊಳ್ಳುವಾಗ ಆ ಮಗು ದೊಡ್ಡದಾಗಿ, ಯಾವುದೋ ಊರಿನಲ್ಲಿ ಯಾವುದೋ ಕೆಲಸದಲ್ಲಿರುತ್ತದೆ. ಆಣಿ ಎಂದು ಯಾರೋ ಕೆತ್ತುತ್ತಾರೆ. ಈ ಸಂಜೆಯನ್ನು ಯಾರೂ ನೆನೆಯುವುದಿಲ್ಲ. ಹೆದರಿಕೆ ಹುಟ್ಟಿಸುವು‌ದು ಆ ನಿಧಾನ.

ಉಳಿದದ್ದು ಅಕ್ಕ. ಅವಳ ಕಡೆ ತಿರುಗಿದೆ. ಅವಳು ಮೆಟ್ಟಿಲಿನ ಮೇಲೆ ಕೂತು ಶೂವಿನ ಲೇಸು ಬಿಚ್ಚುತ್ತಿದ್ದಳು.

"ಅಕ್ಕ, ಇದು ನಿನ್ನ ಅಂಗಳದ ಮಣ್ಣು."

"ಗೊತ್ತುಂಟು. ಹರಕೆ ನನ್ನದು. ಅವರ ಹತ್ತಿರ ಹೇಳಿ ಹಾಕಿಸಿದ್ದು ನಾನೇ."

"ಡಾಕ್ಟರು ಎಂತ ಹೇಳಿದ್ದು? ನಾನು ಎಂತ ಹೇಳಿದ್ದು?"

"ಬೊಬ್ಬೆ ಹಾಕ್ಬೇಡ, ಜನ ನೋಡ್ತಾರೆ." ಅವಳು ಒಂದು ಶೂ ತೆಗೆದು ಪಕ್ಕಕ್ಕಿಟ್ಟಳು. "ಗುಣ ಆದರೆ ದೀಪಕ್ಕೆ ಮೂರು ಸುತ್ತು ಬರ್ತೇನೆ ಅಂತ ಹೇಳಿಕೊಂಡಿದ್ದೇನೆ. ಗುಣ ಆಗಿದ್ದು ನಿನ್ನ ಮದ್ದಿನಿಂದಲಾ, ಹರಕೆಯಿಂದಲಾ, ನನಗೆ ಹೇಗೆ ಗೊತ್ತಾಗ್ಬೇಕು? ಮದ್ದು ಒಂದು ದಿನ ತಪ್ಪಿಸಿದ್ದೇನಾ, ಕೇಳು ಅವರ ಹತ್ತಿರ. ಇದನ್ನೂ ತಪ್ಪಿಸ್ಲಿಕ್ಕೆ ನನಗೆ ಧೈರ್ಯ ಇಲ್ಲ. ಒಂದನ್ನು ಬಿಟ್ಟು, ಕಾಲು ಹೋಗಿ, ಆಮೇಲೆ ಬಿಡಬಾರದಿತ್ತು ಅಂತ ಕೂತ್ಕೊಂಡು ಅಳ್ಲಿಕ್ಕೆ ನನ್ನಿಂದಾಗದು."

ಕೋಪ ಬಂತು, ಅಳುವೂ ಬಂತು. ಅವಳ ತೋಳು ಹಿಡಿದು ಎಳೆದುಕೊಂಡು ಹೋಗಬೇಕೆನಿಸಿತು. ಆದರೆ ಅವಳ ಮುಖದಲ್ಲಿದ್ದದ್ದು ಭಕ್ತಿಯಲ್ಲ, ಹೆದರಿಕೆ. ತಿಂಗಳುಗಳಿಂದ ನಾನು ಹೊತ್ತು ತಿರುಗಿದ ಹೆದರಿಕೆಯನ್ನೇ ಅವಳೂ ಹೊತ್ತಿದ್ದಳು, ನನಗೆ ಹೇಳದೆ. ಅದರಿಂದ ಹೊರಗೆ ಬರಲು ಇಬ್ಬರೂ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡಿದ್ದೆವು. ಎರಡನೆಯ ಶೂವನ್ನೂ ಅವಳು ತೆಗೆದಳು. ಬಲಗಾಲಿನಲ್ಲಿ ಗಂಟು ಕುಗ್ಗಿದ ಜಾಗದ ಚರ್ಮ ಇನ್ನೂ ಎಳೆಯದಾಗಿ, ತೆಳ್ಳಗೆ, ಗುಲಾಬಿಯಾಗಿತ್ತು.

ತಾಳ ಶುರುವಾಯಿತು. ಮಕ್ಕಳು ದೀಪದ ಸುತ್ತ ಕುಣಿಯತೊಡಗಿದರು. ಅಂಗಳದಿಂದ ಕೆಂಪು ಧೂಳು ಮೊಣಕಾಲಿನವರೆಗೆ ಎದ್ದಿತು.

"ಕೈ ಕೊಡು" ಎಂದಳು ಅಕ್ಕ. ಒಬ್ಬಳೇ ಮೆಟ್ಟಿಲು ಇಳಿಯುವಷ್ಟು ಬಲ ಆ ಕಾಲಿಗೆ ಇನ್ನೂ ಬಂದಿರಲಿಲ್ಲ. ನಾನು ಚಪ್ಪಲಿ ಬಿಟ್ಟೆ, ಕೈ ಕೊಟ್ಟೆ. ದೇವರ ಅಂಗಳಕ್ಕೆ ಇಳಿಯುವಾಗ ಬಲಗಾಲು ಮೊದಲು ಎಂದು ನನಗೆ ಚಿಕ್ಕಂದಿನಲ್ಲಿ ಕಲಿಸಿದವಳು ಅವಳೇ. ಅವಳು ಬಲಗಾಲನ್ನೇ ಮೊದಲು ಇಟ್ಟಳು.